ಟರ್ಬೋ ಎಂಜಿನ್‌ಗಳಿಗೆ ಸ್ಪಾರ್ಕ್ ಪ್ಲಗ್‌ಗಳ ಆಯ್ಕೆ

ಟರ್ಬೋಚಾರ್ಜರ್ ಅಥವಾ ಸೂಪರ್‌ಚಾರ್ಜರ್ ಅಳವಡಿಸಿದ ಪೆಟ್ರೋಲ್ ಎಂಜಿನ್‌ಗಳಲ್ಲಿ ಗಾಳಿಯು ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಸಿಲಿಂಡರ್‌ಗಳನ್ನು ಸೇರುತ್ತದೆ. ಈ ಹೆಚ್ಚುವರಿ ಒತ್ತಡವನ್ನು ಬೂಸ್ಟ್ ಎಂದು ಕರೆಯುತ್ತಾರೆ. ಬೂಸ್ಟ್ ಇರುವ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಸಾಧಾರಣ ಎಂಜಿನ್‌ನ ಪ್ಲಗ್‌ಗಿಂತ ಹೆಚ್ಚು ಶಾಖವನ್ನು ಸಹಿಸಬೇಕಾಗುತ್ತದೆ ಮತ್ತು ಹೆಚ್ಚು ಸಾಂದ್ರವಾದ ಮಿಶ್ರಣದ ನಡುವೆ ಕಿಡಿ ಹಾರಿಸಬೇಕಾಗುತ್ತದೆ. ಆದ್ದರಿಂದ ಅದರ ಉಷ್ಣಶ್ರೇಣಿ, ವಿದ್ಯುದ್ವಾರಗಳ ನಡುವಿನ ಅಂತರ ಮತ್ತು ವಿದ್ಯುದ್ವಾರದ ಲೋಹ, ಈ ಮೂರನ್ನೂ ಬೂಸ್ಟ್‌ಗೆ ತಕ್ಕಂತೆ ಆರಿಸಬೇಕು. ಆಯ್ಕೆ ತಪ್ಪಿದಾಗ ಹಾನಿ ಪ್ಲಗ್‌ಗೆ ಮಾತ್ರ ಸೀಮಿತವಾಗುವುದಿಲ್ಲ. ಪಿಸ್ಟನ್‌ನ ತಲೆ ಕರಗಿ ತೂತಾಗುವಷ್ಟರವರೆಗೂ ಅದು ಮುಂದುವರಿಯಬಹುದು. ಕೆಲವು ನೂರು ರೂಪಾಯಿಯ ಬಿಡಿಭಾಗವೊಂದು ಇಡೀ ಎಂಜಿನ್‌ನ ಅಳಿವು ಉಳಿವನ್ನು ನಿರ್ಧರಿಸುವ ಸಂದರ್ಭಗಳಲ್ಲಿ ಇದೂ ಒಂದು.

ಹಿನ್ನೆಲೆ

ನಿಷ್ಕಾಸ ಅನಿಲದ ಶಕ್ತಿಯಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ವಿಧಾನಕ್ಕೆ ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ಅದಕ್ಕೂ ಮೊದಲೇ, 1902ರಲ್ಲಿ, ಜರ್ಮನಿಯ ಬಾಷ್ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ ಅವರಿಂದ ರೂಪುಗೊಂಡಿತ್ತು. ಇವೆರಡೂ ಸಾಮಾನ್ಯ ಜನರು ಕೊಳ್ಳುವ ಕಾರಿನಲ್ಲಿ ಒಂದುಗೂಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕಾರ್ವೇರ್ ಮೊಂಜಾ ಸ್ಪೈಡರ್ ಎಂಬ ಟರ್ಬೋ ಕಾರುಗಳು ಮಾರುಕಟ್ಟೆಗೆ ಬಂದವು. ಜೆಟ್‌ಫೈರ್‌ನ ಸಂಪೀಡನ ಅನುಪಾತ 10.25:1ರಷ್ಟು ಹೆಚ್ಚಾಗಿದ್ದುದರಿಂದ, ಬಡಿತವನ್ನು ತಡೆಯಲು ನೀರು ಮತ್ತು ಮೆಥನಾಲ್‌ನ ದ್ರಾವಣವನ್ನು ಮಿಶ್ರಣಕ್ಕೆ ಸಿಂಪಡಿಸುವ ವ್ಯವಸ್ಥೆಯಿತ್ತು. ಆ ದ್ರಾವಣವನ್ನು ಮತ್ತೆ ತುಂಬಿಸಲು ಮಾಲೀಕರು ಮರೆಯುತ್ತಿದ್ದರು! ಮುಂದೆ 1973ರ ಬಿಎಂಡಬ್ಲ್ಯೂ 2002 ಟರ್ಬೋ, ಅನಂತರದ ಪೋರ್ಷೆ 911 ಟರ್ಬೋ ಮತ್ತು ಸಾಬ್ 99 ಟರ್ಬೋಗಳು ಈ ತಂತ್ರವನ್ನು ಯುರೋಪಿನಲ್ಲಿ ನೆಲೆಗೊಳಿಸಿದವು.

ಭಾರತದಲ್ಲಿ ಚಿಕ್ಕ ಟರ್ಬೋ ಪೆಟ್ರೋಲ್ ಎಂಜಿನ್‌ಗಳು ಕಳೆದ ದಶಕದಿಂದೀಚೆಗೆ ಸಾಮಾನ್ಯವಾಗಿವೆ. 2013ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 2017ರ ಟಾಟಾ ನೆಕ್ಸಾನ್, 2019ರ ಹ್ಯುಂಡೈ ವೆನ್ಯೂ ಇದಕ್ಕೆ ಉದಾಹರಣೆಗಳು. ಸ್ಪಾರ್ಕ್ ಪ್ಲಗ್‌ನೊಂದಿಗೆ ಕರ್ನಾಟಕದ ನಂಟು ಇದಕ್ಕಿಂತ ಹಳೆಯದು. ಮೈಕೊ ಎಂದೇ ಜನಜನಿತವಾಗಿದ್ದ, 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್‌ಗಳನ್ನು ತಯಾರಿಸುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.

ಪ್ಲಗ್‌ನ ಶಾಖ ಹರಿಯುವ ದಾರಿ

ಸ್ಪಾರ್ಕ್ ಪ್ಲಗ್‌ನ ನಡುವೆ ಕೇಂದ್ರ ವಿದ್ಯುದ್ವಾರವಿರುತ್ತದೆ. ಅದನ್ನು ಅಲ್ಯೂಮಿನಾದಿಂದ ಮಾಡಿದ ಪಿಂಗಾಣಿ ಅವಾಹಕವು ಸುತ್ತುವರಿದಿರುತ್ತದೆ. ಹೊರಗಿನ ಉಕ್ಕಿನ ಕವಚಕ್ಕೆ ತಿರುಪು ಕೊರೆದಿರುತ್ತದೆ ಮತ್ತು ಅದರ ತುದಿಗೆ ಬಾಗಿದ ಭೂ ವಿದ್ಯುದ್ವಾರವನ್ನು ಬೆಸೆದಿರುತ್ತದೆ. ದಹನಕೋಷ್ಠದೊಳಗೆ ಚಾಚಿಕೊಂಡಿರುವ ಅವಾಹಕದ ಭಾಗವನ್ನು ಮೂಗು ಎಂದು ಕರೆಯುವುದು ವಾಡಿಕೆ. ಪ್ರತಿ ದಹನದಲ್ಲಿಯೂ ಈ ಮೂಗು ಶಾಖವನ್ನು ಹೀರಿಕೊಳ್ಳುತ್ತದೆ. ಆ ಶಾಖವು ಪಿಂಗಾಣಿಯ ಮೂಲಕ ಕವಚಕ್ಕೂ, ಕವಚದ ತಿರುಪು ಮತ್ತು ವಾಷರ್‌ಗಳ ಮೂಲಕ ಸಿಲಿಂಡರ್ ಹೆಡ್‌ಗೂ, ಅಲ್ಲಿಂದ ತಂಪುನೀರಿಗೂ ಹರಿದು ಹೋಗುತ್ತದೆ.

ಮೂಗಿನ ತುದಿಯ ತಾಪಮಾನ ಒಂದು ನಿರ್ದಿಷ್ಟ ಮಿತಿಯೊಳಗೆ ಇರಬೇಕು. ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದರ ಮೇಲೆ ಕೂತ ಇಂಗಾಲ ಉರಿದು ಹೋಗುವುದಿಲ್ಲ. ಪ್ಲಗ್ ಮಸಿ ಕಟ್ಟುತ್ತದೆ. ಮಸಿ ವಿದ್ಯುದ್ವಾಹಕವಾದ ಕಾರಣ ವಿದ್ಯುತ್ತು ಕಿಡಿಯಾಗಿ ಹಾರದೆ ಪಿಂಗಾಣಿಯ ಮೇಲ್ಮೈಯಲ್ಲೇ ಸೋರಿ ಹೋಗುತ್ತದೆ. ತಾಪಮಾನ ಸುಮಾರು 850 ಡಿಗ್ರಿಯನ್ನು ದಾಟಿದರೆ ತುದಿಯೇ ಕೆಂಡದಂತಾಗಿ, ಕಿಡಿ ಹಾರುವ ಮುನ್ನವೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಇದಕ್ಕೆ ಪೂರ್ವಜ್ವಲನ ಎಂದು ಹೆಸರು.

ಪೂರ್ವಜ್ವಲನವನ್ನು ಬಡಿತದಿಂದ ಪ್ರತ್ಯೇಕಿಸಿ ತಿಳಿಯುವುದು ಅಗತ್ಯ; ಎಷ್ಟೋ ಕೈಪಿಡಿಗಳಲ್ಲಿಯೂ ಇವೆರಡೂ ಬೆರೆತು ಹೋಗಿವೆ. ಬಡಿತವು ಕಿಡಿ ಹಾರಿದ ನಂತರ ಸಂಭವಿಸುತ್ತದೆ: ಜ್ವಾಲೆ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖಗಳಿಂದ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾಕ್ ಸಂವೇದಕವು ಇದನ್ನು ಗುರುತಿಸಿದರೆ ಎಂಜಿನ್ ನಿಯಂತ್ರಕವು ಕಿಡಿಯ ಕಾಲವನ್ನು ಹಿಂದೆ ಸರಿಸಿ ಸರಿಪಡಿಸಬಲ್ಲದು. ಪೂರ್ವಜ್ವಲನದಲ್ಲಿ ಹಾಗಾಗುವುದಿಲ್ಲ. ಬೆಂಕಿ ಹಚ್ಚುತ್ತಿರುವುದು ಕಿಡಿಯಲ್ಲ, ಕಾದ ತುದಿ. ಕಿಡಿಯ ಕಾಲವನ್ನು ಬದಲಿಸಿ ಏನೂ ಪ್ರಯೋಜನವಿಲ್ಲ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮಿಶ್ರಣ ಉರಿಯುವುದರಿಂದ ತಾಪಮಾನ ಇನ್ನಷ್ಟು ಏರುತ್ತದೆ, ತುದಿ ಇನ್ನಷ್ಟು ಕಾಯುತ್ತದೆ, ಮುಂದಿನ ಆವರ್ತದಲ್ಲಿ ಬೆಂಕಿ ಇನ್ನೂ ಬೇಗ ಹೊತ್ತುತ್ತದೆ. ಪೂರ್ಣ ಬೂಸ್ಟ್‌ನಲ್ಲಿ ಈ ವಿಷವರ್ತುಲ ಕೆಲವೇ ಸೆಕೆಂಡುಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್ನನ್ನು ಕರಗಿಸಬಲ್ಲದು.

ಉಷ್ಣಶ್ರೇಣಿ

ಪ್ಲಗ್ ಎಷ್ಟು ವೇಗವಾಗಿ ಶಾಖವನ್ನು ಹೊರಸಾಗಿಸುತ್ತದೆ ಎಂಬುದರ ಅಳತೆಯೇ ಉಷ್ಣಶ್ರೇಣಿ. ಅವಾಹಕದ ಮೂಗು ಉದ್ದವಾಗಿದ್ದರೆ ಶಾಖ ಸಾಗಬೇಕಾದ ದಾರಿಯೂ ಉದ್ದ. ತುದಿ ಬಿಸಿಯಾಗಿ ಉಳಿಯುತ್ತದೆ. ಇದು ಬಿಸಿ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗ ಹೋಗುತ್ತದೆ. ಇದು ತಂಪು ಪ್ಲಗ್. ಒಂದು ಹಂತದ ವ್ಯತ್ಯಾಸದಿಂದ ತುದಿಯ ತಾಪಮಾನದಲ್ಲಿ ಸುಮಾರು 70ರಿಂದ 100 ಡಿಗ್ರಿಗಳಷ್ಟು ವ್ಯತ್ಯಾಸವಾಗುತ್ತದೆ. ಬಿಸಿ ಪ್ಲಗ್‌ನ ಕಿಡಿ ಹೆಚ್ಚು ಬಿಸಿಯೆಂದಾಗಲಿ, ತಂಪು ಪ್ಲಗ್ ಎಂಜಿನ್ನನ್ನೇ ತಂಪಾಗಿಸುತ್ತದೆ ಎಂದಾಗಲಿ ತಿಳಿಯುವುದು ತಪ್ಪು. ಕಿಡಿಯ ಬಲಕ್ಕೂ ಉಷ್ಣಶ್ರೇಣಿಗೂ ಸಂಬಂಧವಿಲ್ಲ.

ಬೂಸ್ಟ್ ಹೆಚ್ಚಿದಂತೆ ಪ್ರತಿ ದಹನದಲ್ಲಿ ಹೆಚ್ಚು ಇಂಧನ ಉರಿಯುತ್ತದೆ, ಅದೇ ಪ್ಲಗ್‌ನ ಮೇಲೆ ಹೆಚ್ಚು ಶಾಖ ಬೀಳುತ್ತದೆ. ಆದ್ದರಿಂದ ಎಂಜಿನ್‌ನ ಶಕ್ತಿಯನ್ನು ಮೂಲಕ್ಕಿಂತ 75ರಿಂದ 100 ಅಶ್ವಶಕ್ತಿಯಷ್ಟು ಹೆಚ್ಚಿಸಿದಾಗಲೆಲ್ಲ ಒಂದು ಹಂತ ತಂಪಾದ ಪ್ಲಗ್ ಹಾಕಬೇಕೆಂಬ ಸ್ಥೂಲ ನಿಯಮ ಬಳಕೆಯಲ್ಲಿದೆ. ನಾಲ್ಕು ಸಿಲಿಂಡರಿನ ಎಂಜಿನ್‌ಗೂ ಎಂಟು ಸಿಲಿಂಡರಿನ ಎಂಜಿನ್‌ಗೂ ಒಂದೇ ನಿಯಮ ಅಷ್ಟೇ ನಿಖರವಾಗಿ ಹೊಂದಲಾರದು, ಏಕೆಂದರೆ ಪ್ರತಿ ಪ್ಲಗ್‌ಗೆ ಬರುವ ಪಾಲು ಬೇರೆ. ಇದನ್ನು ಆರಂಭದ ಅಂದಾಜು ಎಂದಷ್ಟೇ ಪರಿಗಣಿಸಬೇಕು.

ಕಾರ್ಖಾನೆಯಿಂದ ಬಂದಂತೆಯೇ ಇರುವ ಟರ್ಬೋ ಕಾರಿಗೆ ಈ ನಿಯಮ ಅನ್ವಯಿಸುವುದಿಲ್ಲ. ತಯಾರಕರು ಬೂಸ್ಟ್ ಅನ್ನು ಲೆಕ್ಕಕ್ಕೆ ತೆಗೆದುಕೊಂಡೇ ಪ್ಲಗ್ ಸೂಚಿಸಿರುತ್ತಾರೆ. ಟರ್ಬೋ ಎಂದ ಮಾತ್ರಕ್ಕೆ ಇನ್ನೂ ಎರಡು ಹಂತ ತಂಪಾದ ಪ್ಲಗ್ ಹಾಕಿ, ನಗರದ ದಟ್ಟಣೆಯಲ್ಲಿ ನಿಂತು ನಿಂತು ಸಾಗಿದರೆ ಪ್ಲಗ್ ತನ್ನನ್ನು ತಾನು ಶುಚಿಗೊಳಿಸಿಕೊಳ್ಳುವ ತಾಪಮಾನವನ್ನು ಎಂದೂ ಮುಟ್ಟುವುದಿಲ್ಲ. ಬೆಳಗಿನ ಚಳಿಯಲ್ಲಿ ಎಂಜಿನ್ ಹೊತ್ತುವುದೇ ಕಷ್ಟವಾಗುತ್ತದೆ. ಆದರೂ ಸಂದೇಹವಿದ್ದಲ್ಲಿ ತಂಪಿನ ಕಡೆಗೆ ತಪ್ಪುವುದೇ ಲೇಸು. ಮಸಿ ಕಟ್ಟಿದ ಪ್ಲಗ್ಗನ್ನು ಬಿಚ್ಚಿ ಬದಲಿಸಬಹುದು, ಕರಗಿದ ಪಿಸ್ಟನ್ನನ್ನು ಅಷ್ಟು ಸುಲಭವಾಗಿ ಬದಲಿಸಲಾಗದು.

ಸಂಖ್ಯೆಗಳ ಗೊಂದಲ

ಉಷ್ಣಶ್ರೇಣಿಯನ್ನು ಸೂಚಿಸಲು ಎಲ್ಲ ತಯಾರಕರೂ ಒಪ್ಪಿದ ಒಂದೇ ಮಾನಕವಿಲ್ಲ. ಜಪಾನಿನ ಎನ್‌ಜಿಕೆ ಮತ್ತು ಡೆನ್ಸೊ ಸಂಸ್ಥೆಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್ ಸಂಸ್ಥೆಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ಬಿಸಿ. ಎನ್‌ಜಿಕೆಯ 7 ಎಂಬುದು ಡೆನ್ಸೊದ 22ಕ್ಕೂ ಬಾಷ್‌ನ 5ಕ್ಕೂ ಸರಿಸುಮಾರು ಸಮಾನ. ಎನ್‌ಜಿಕೆಯ 8 ಎಂಬುದು ಡೆನ್ಸೊದ 24ಕ್ಕೂ ಬಾಷ್‌ನ 4ಕ್ಕೂ ಸಮೀಪ. ಹೀಗಿರುವಾಗ ಎನ್‌ಜಿಕೆ 7ರ ಬದಲಿಗೆ ಅಂಗಡಿಯಲ್ಲಿ ಸಿಕ್ಕ ಬಾಷ್ 7 ಅನ್ನು ಹಾಕಿದರೆ ಎರಡು ಹಂತದಷ್ಟು ಬಿಸಿಯಾದ ಪ್ಲಗ್ ಹಾಕಿದಂತಾಗುತ್ತದೆ. ಹೆಚ್ಚಿನ ಬೂಸ್ಟ್‌ನ ಎಂಜಿನ್‌ನಲ್ಲಿ ಇದು ಅಪಾಯಕಾರಿ. ಬ್ರ್ಯಾಂಡ್ ಬದಲಿಸುವಾಗ ಸಂಖ್ಯೆಯನ್ನು ನೋಡದೆ ತಯಾರಕರ ಹೋಲಿಕೆ ಪಟ್ಟಿಯನ್ನೇ ನೋಡಬೇಕು.

ಎನ್‌ಜಿಕೆಯ ಬಿಪಿಆರ್7ಇಎಸ್ ಎಂಬ ಸಂಕೇತವನ್ನು ಬಿಡಿಸಿ ನೋಡಿದರೆ ಪ್ಲಗ್‌ನ ಪೂರ್ಣ ಪರಿಚಯ ದೊರೆಯುತ್ತದೆ. ಬಿ ಎಂದರೆ 14 ಮಿಲಿಮೀಟರ್ ವ್ಯಾಸದ ತಿರುಪು. ಪಿ ಎಂದರೆ ಮೂಗು ಕವಚದಿಂದ ಹೊರಚಾಚಿದೆ. ಆರ್ ಎಂದರೆ ಒಳಗೆ ರೋಧಕವಿದೆ. ರೇಡಿಯೋ ಮತ್ತು ಎಂಜಿನ್ ನಿಯಂತ್ರಕಗಳಿಗೆ ಕಿಡಿಯಿಂದ ಉಂಟಾಗುವ ವಿದ್ಯುತ್ಕಾಂತೀಯ ಅಡಚಣೆಯನ್ನು ಇದು ತಗ್ಗಿಸುತ್ತದೆ. 7 ಉಷ್ಣಶ್ರೇಣಿ. ಇ ಎಂದರೆ ತಿರುಪಿನ ಉದ್ದ 19 ಮಿಲಿಮೀಟರ್. ಎಸ್ ಎಂದರೆ ತಾಮ್ರದ ತಿರುಳಿನ ಕೇಂದ್ರ ವಿದ್ಯುದ್ವಾರ. ಕೊನೆಯಲ್ಲಿ 11 ಎಂದಿದ್ದರೆ ಅಂತರವನ್ನು 1.1 ಮಿಲಿಮೀಟರ್‌ಗೆ ಹೊಂದಿಸಿದೆ ಎಂದರ್ಥ. ಬೂಸ್ಟ್ ಇರುವ ಎಂಜಿನ್‌ಗೆ ಪ್ಲಗ್ ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದದ್ದು ಈ ಕೊನೆಯ 11ನ್ನು.

ತಿರುಪಿನ ಉದ್ದದಲ್ಲಿ ಮಾತ್ರ ಯಾವ ಪ್ರಯೋಗಕ್ಕೂ ಅವಕಾಶವಿಲ್ಲ. ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ಪ್ಲಗ್‌ಗೆ ಬಡಿಯಬಹುದು, ಇಲ್ಲವೇ ಹೊರಚಾಚಿದ ತಿರುಪಿನ ಅಂಚುಗಳೇ ಕಾದು ಪೂರ್ವಜ್ವಲನಕ್ಕೆ ಕಾರಣವಾಗಬಹುದು.

ವಿದ್ಯುದ್ವಾರಗಳ ಅಂತರ

ಅನಿಲವೊಂದರಲ್ಲಿ ಕಿಡಿ ಹಾರಲು ಬೇಕಾಗುವ ವೋಲ್ಟೇಜು ಅನಿಲದ ಒತ್ತಡ ಮತ್ತು ವಿದ್ಯುದ್ವಾರಗಳ ಅಂತರ ಇವುಗಳ ಗುಣಲಬ್ಧವನ್ನು ಅವಲಂಬಿಸಿರುತ್ತದೆ ಎಂದು ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ತೋರಿಸಿದರು. ಎಂಜಿನ್‌ನಲ್ಲಿ ಎದುರಾಗುವ ಒತ್ತಡಗಳಲ್ಲಿ ಈ ಗುಣಲಬ್ಧ ಹೆಚ್ಚಿದಂತೆ ಬೇಕಾಗುವ ವೋಲ್ಟೇಜೂ ಹೆಚ್ಚುತ್ತದೆ. ಸಾಧಾರಣ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಸುಮಾರು 3,000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಅಷ್ಟು ಸಾಲದು.

ಒಂದು ಲೆಕ್ಕವನ್ನು ನೋಡಬಹುದು. ಸಂಪೀಡನ ಅನುಪಾತ 10:1 ಇರುವ ಸಾಧಾರಣ ಎಂಜಿನ್‌ನಲ್ಲಿ ಗಾಳಿ 1 ಬಾರ್ ಒತ್ತಡದಲ್ಲಿ ಒಳಬಂದರೆ, ಪಿಸ್ಟನ್ ಮೇಲ್ತುದಿ ತಲುಪುವಾಗ ಉರಿಯದ ಮಿಶ್ರಣದ ಒತ್ತಡ ಸುಮಾರು 20 ಬಾರ್ ಆಗುತ್ತದೆ. ಅನುಪಾತ 8.5:1 ಇರುವ ಟರ್ಬೋ ಎಂಜಿನ್‌ನಲ್ಲಿ 1 ಬಾರ್ ಬೂಸ್ಟ್ ಇದ್ದರೆ, ಅಂದರೆ ಗಾಳಿ ಒಟ್ಟು 2 ಬಾರ್‌ನಲ್ಲಿ ಒಳಬಂದರೆ, ಅದು ಸುಮಾರು 32 ಬಾರ್ ಆಗುತ್ತದೆ. ಸಂಪೀಡನ ಅನುಪಾತವನ್ನು ತಗ್ಗಿಸಿದ ಮೇಲೂ ಒತ್ತಡ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಕಿಡಿ ಹಾರುವುದು ಮೇಲ್ತುದಿಗಿಂತ ಸ್ವಲ್ಪ ಮುಂಚೆಯಾದ್ದರಿಂದ ನಿಜವಾದ ಅಂಕಿಗಳು ಇದಕ್ಕಿಂತ ಕಡಿಮೆ. ಆದರೆ ಎರಡರ ನಡುವಿನ ಪ್ರಮಾಣ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಇಗ್ನಿಷನ್ ಕಾಯಿಲ್ ಕೊಡಬಲ್ಲ ವೋಲ್ಟೇಜು ಮಾತ್ರ ಮೊದಲಿನಷ್ಟೇ.

ಕಾಯಿಲ್‌ನ ಮಿತಿ ಮೀರಿದಾಗ ಕಿಡಿ ತಪ್ಪುತ್ತದೆ. ಚಾಲಕನಿಗೆ ಇದು ತಿಳಿಯುವ ರೀತಿ ವಿಶಿಷ್ಟವಾದದ್ದು: ಕಾರು ನಿಧಾನವಾಗಿ ಸಾಗುವಾಗ ಯಾವ ದೋಷವೂ ಕಾಣದು, ಆಕ್ಸಿಲರೇಟರ್ ಪೂರ್ತಿ ಅದುಮಿ ಬೂಸ್ಟ್ ಏರಿದ ಕೂಡಲೇ ಎಂಜಿನ್ ಬಿಕ್ಕಳಿಸಿದಂತೆ ತೊದಲುತ್ತದೆ. ಇಂಧನ ಪಂಪು, ಇಂಜೆಕ್ಟರು ಎಂದು ದುಬಾರಿ ಭಾಗಗಳನ್ನು ಬದಲಿಸಿದ ಬಳಿಕ ಕೊನೆಗೆ ದೋಷ ಪ್ಲಗ್‌ನ ಅಂತರದಲ್ಲಿತ್ತೆಂದು ಕಂಡುಬರುವುದು ಅಪರೂಪವಲ್ಲ.

ಆದ್ದರಿಂದ ಸಾಧಾರಣ ಎಂಜಿನ್‌ಗಳಲ್ಲಿ 1.0 ಅಥವಾ 1.1 ಮಿಲಿಮೀಟರ್ ಇರುವ ಅಂತರವನ್ನು ಬೂಸ್ಟ್ ಇರುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್‌ಗೆ ಇಳಿಸಲಾಗುತ್ತದೆ. ಇದಕ್ಕಿಂತಲೂ ಕಿರಿದಾಗಿಸುವುದರಿಂದ ನಷ್ಟವಿದೆ. ಕಿಡಿ ಚಿಕ್ಕದಾದಷ್ಟೂ ಜ್ವಾಲೆಯ ಮೊಳಕೆಯೂ ಚಿಕ್ಕದು. ಅದರ ಶಾಖವನ್ನು ಎರಡೂ ವಿದ್ಯುದ್ವಾರಗಳು ಹೀರಿಬಿಡುತ್ತವೆ, ಎಂಜಿನ್ ನಿಂತಲ್ಲಿ ಓಡುವಾಗ ನಡುಗುತ್ತದೆ. ಕಿಡಿ ತಪ್ಪದಂತೆ ಇಡಬಹುದಾದ ಅತಿ ಹೆಚ್ಚಿನ ಅಂತರವೇ ಸರಿಯಾದ ಅಂತರ. ಬಲವಾದ ಕಾಯಿಲ್‌ಗಳಿರುವ ಇತ್ತೀಚಿನ ಎಂಜಿನ್‌ಗಳು ಹೆಚ್ಚು ಅಂತರವನ್ನು ಸಹಿಸುತ್ತವೆ.

ಬಳಕೆಯಲ್ಲಿ ವಿದ್ಯುದ್ವಾರ ಸವೆದು ಅಂತರ ತಾನಾಗಿಯೇ ಹಿಗ್ಗುತ್ತದೆ. ಸಾಧಾರಣ ಎಂಜಿನ್‌ನಲ್ಲಿ ಇದು ಬಹುಕಾಲ ಗಮನಕ್ಕೆ ಬಾರದು. ಟರ್ಬೋ ಎಂಜಿನ್‌ನಲ್ಲಿ ಬೇಗ ಬರುತ್ತದೆ.

ವಿದ್ಯುದ್ವಾರದ ಲೋಹ

ಮಾರುಕಟ್ಟೆಯಲ್ಲಿ ತಾಮ್ರದ ಪ್ಲಗ್ ಎಂದು ಮಾರುವ ಪ್ಲಗ್‌ನಲ್ಲಿ ಕಿಡಿ ಹಾರುವುದು ತಾಮ್ರದಿಂದಲ್ಲ. ತಾಮ್ರ ಒಳಗಿನ ತಿರುಳು ಮಾತ್ರ, ಶಾಖವನ್ನು ಸಾಗಿಸುವುದು ಅದರ ಕೆಲಸ. ಹೊರಗಿನ ತುದಿ ನಿಕ್ಕಲ್ ಮಿಶ್ರಲೋಹದ್ದು. ತಾಮ್ರದ ತಿರುಳು ಪ್ಲಾಟಿನಂ ಮತ್ತು ಇರಿಡಿಯಂ ಪ್ಲಗ್‌ಗಳಲ್ಲಿಯೂ ಇರುತ್ತದೆ.

ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲಾಟಿನಂ 1,768 ಡಿಗ್ರಿಯಲ್ಲಿ, ಇರಿಡಿಯಂ ಸುಮಾರು 2,446 ಡಿಗ್ರಿಯಲ್ಲಿ ಕರಗುತ್ತವೆ. ಇರಿಡಿಯಂ ಗಟ್ಟಿಯಾದ ಲೋಹವಾದ್ದರಿಂದ ಅದರ ತುದಿಯನ್ನು 0.4 ಮಿಲಿಮೀಟರಿನಷ್ಟು ತೆಳುವಾಗಿ ಮಾಡಬಹುದು. ಚೂಪಾದ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಸಾಂದ್ರವಾಗುವ ಕಾರಣ ಕಿಡಿ ಹಾರಲು ಕಡಿಮೆ ವೋಲ್ಟೇಜು ಸಾಕು. ಬೂಸ್ಟ್ ಇರುವ ಎಂಜಿನ್‌ಗೆ ಇದು ನೇರ ಲಾಭ. ಹೀಗಾಗಿ ಇಂದಿನ ಹೆಚ್ಚಿನ ಟರ್ಬೋ ಕಾರುಗಳು ಕಾರ್ಖಾನೆಯಿಂದಲೇ ಇರಿಡಿಯಂ ಪ್ಲಗ್‌ಗಳೊಂದಿಗೆ ಬರುತ್ತವೆ.

ಹಾಗೆಂದು ನಿಕ್ಕಲ್ ಪ್ಲಗ್ ಕೀಳಲ್ಲ. ಎಂಜಿನ್ನನ್ನು ಬದಲಿಸುತ್ತ, ಬೂಸ್ಟ್ ಏರಿಸುತ್ತ ಪ್ರಯೋಗ ಮಾಡುವವರು ಅಗ್ಗದ ನಿಕ್ಕಲ್ ಪ್ಲಗ್‌ಗಳನ್ನೇ ಹಾಕಿ, ಬಿಚ್ಚಿ ನೋಡಿ, ಎಸೆದು, ಹೊಸದನ್ನು ಹಾಕುತ್ತಾರೆ. ಸರಿಯಾದ ಉಷ್ಣಶ್ರೇಣಿಯ ನಿಕ್ಕಲ್ ಪ್ಲಗ್ ತಪ್ಪು ಉಷ್ಣಶ್ರೇಣಿಯ ಇರಿಡಿಯಂ ಪ್ಲಗ್‌ಗಿಂತ ಎಷ್ಟೋ ಮೇಲು.

ಒಂದು ಉದಾಹರಣೆ

ಮಿತ್ಸುಬಿಷಿ ಸಂಸ್ಥೆಯ 4ಜಿ63 ಟರ್ಬೋ ಎಂಜಿನ್ ಎಕ್ಲಿಪ್ಸ್ ಮತ್ತು ಲ್ಯಾನ್ಸರ್ ಎವೊಲ್ಯೂಷನ್ ಕಾರುಗಳಲ್ಲಿ ಬಳಕೆಯಾಗಿ, ಬೂಸ್ಟ್ ಹೆಚ್ಚಿಸುವ ಹವ್ಯಾಸಿಗಳಲ್ಲಿ ಜನಪ್ರಿಯವಾಯಿತು. ಇದರ ಗಾತ್ರ 1,997 ಘನ ಸೆಂಟಿಮೀಟರ್. ಎಕ್ಲಿಪ್ಸ್‌ನ ಮೊದಲ ಪೀಳಿಗೆಯಲ್ಲಿ ಸಂಪೀಡನ ಅನುಪಾತ 7.8:1, ಎರಡನೆಯ ಪೀಳಿಗೆಯಲ್ಲಿ 8.5:1. ಮೇಲೆ ವಿವರಿಸಿದ 14 ಮಿಲಿಮೀಟರ್ ವ್ಯಾಸದ, 19 ಮಿಲಿಮೀಟರ್ ಉದ್ದದ ಪ್ಲಗ್‌ಗಳೇ ಇದಕ್ಕೆ ಹೊಂದುತ್ತವೆ. ಎರಡನೆಯ ಪೀಳಿಗೆಯ ಎಕ್ಲಿಪ್ಸ್ ಟರ್ಬೋ ಮೂಲತಃ 210 ಅಶ್ವಶಕ್ತಿಯದು. ಮೂಲ ಸ್ಥಿತಿಯಲ್ಲಿ 6ರ ಉಷ್ಣಶ್ರೇಣಿ ಸಾಕೆಂದು ಇಟ್ಟುಕೊಂಡರೆ, ಶಕ್ತಿಯನ್ನು 300ರ ಸಮೀಪಕ್ಕೆ ಏರಿಸುವವರು 7ಕ್ಕೂ, 400ರ ಸಮೀಪಕ್ಕೆ ಏರಿಸುವವರು 8ಕ್ಕೂ ಹೋಗಬೇಕೆಂದು ಸ್ಥೂಲ ನಿಯಮ ಹೇಳುತ್ತದೆ.

ಈ ಎಂಜಿನ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಕಾಯಿಲ್ ಎರಡು ಪ್ಲಗ್‌ಗಳಿಗೆ ಒಟ್ಟಿಗೆ ವಿದ್ಯುತ್ ಕೊಡುತ್ತದೆ. ಒಂದರಲ್ಲಿ ಕಿಡಿ ಕೇಂದ್ರ ವಿದ್ಯುದ್ವಾರದಿಂದ ಹೊರಕ್ಕೆ ಹಾರಿದರೆ ಮತ್ತೊಂದರಲ್ಲಿ ಭೂ ವಿದ್ಯುದ್ವಾರದಿಂದ ಒಳಕ್ಕೆ ಹಾರುತ್ತದೆ. ಹೀಗಾಗಿ ಅರ್ಧದಷ್ಟು ಪ್ಲಗ್‌ಗಳಲ್ಲಿ ಭೂ ವಿದ್ಯುದ್ವಾರವೇ ಹೆಚ್ಚು ಸವೆಯುತ್ತದೆ. ಅಮೂಲ್ಯ ಲೋಹದ ಪ್ಲಗ್ ಕೊಳ್ಳುವುದಾದರೆ ಎರಡೂ ತುದಿಗಳಿಗೆ ಆ ಲೋಹವಿರುವ ಪ್ಲಗ್ ಕೊಂಡರಷ್ಟೇ ಪೂರ್ಣ ಬಾಳಿಕೆ ಸಿಗುತ್ತದೆ.

ಪ್ಲಗ್ ಓದುವುದು

ಬಿಚ್ಚಿದ ಪ್ಲಗ್‌ನ ಮೂಗನ್ನು ನೋಡಿ ದಹನದ ಸ್ಥಿತಿಯನ್ನು ಅರಿಯುವ ಕ್ರಮವನ್ನು ಪ್ಲಗ್ ಓದುವುದು ಎನ್ನುತ್ತಾರೆ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಉಷ್ಣಶ್ರೇಣಿ ಹೊಂದಿಕೆಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪ್ಲಗ್ ತೀರ ತಂಪಾಗಿರಬಹುದು, ಇಲ್ಲವೇ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿರಬಹುದು. ಜಿಡ್ಡಾದ ಕಪ್ಪು ಎಣ್ಣೆ ಸೋರುವಿಕೆಯ ಗುರುತು. ಟರ್ಬೋದ ಸೀಲ್ ಹಾಳಾದಾಗಲೂ ಹೀಗಾಗುತ್ತದೆ. ಮೂಗು ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಂತಿದ್ದರೆ ಪ್ಲಗ್ ಅತಿಯಾಗಿ ಕಾದಿದೆ. ಪಿಂಗಾಣಿಯ ಮೇಲೆ ಸಣ್ಣ ಕರಿಚುಕ್ಕೆಗಳೋ ಬೆಳ್ಳಿಯಂತೆ ಹೊಳೆಯುವ ಕಣಗಳೋ ಕಂಡರೆ ಕೂಡಲೇ ಎಂಜಿನ್ ಓಡಿಸುವುದನ್ನು ನಿಲ್ಲಿಸಬೇಕು. ಆ ಹೊಳೆಯುವ ಕಣಗಳು ಪಿಸ್ಟನ್ನಿನಿಂದ ಎದ್ದು ಬಂದ ಅಲ್ಯೂಮಿನಿಯಂ.

ಪಿಂಗಾಣಿ ಬಿರುಕು ಬಿಟ್ಟು ಚೂರು ಉದುರಿದ್ದರೆ ಆ ಚೂರು ಎಲ್ಲಿಗೆ ಹೋಯಿತೆಂದು ಕೇಳಿಕೊಳ್ಳಬೇಕಾಗುತ್ತದೆ. ನಿಷ್ಕಾಸ ಕವಾಟದ ಮೂಲಕ ಹೊರಬಿದ್ದ ಚೂರಿಗೆ ಮೊದಲು ಎದುರಾಗುವುದು ಅತಿವೇಗದಲ್ಲಿ ತಿರುಗುತ್ತಿರುವ ಟರ್ಬೈನ್‌ನ ಅಲಗುಗಳು.

ತಂಪು ಪ್ಲಗ್‌ನಿಂದ ಆಗದ ಕೆಲಸಗಳು

ತಂಪು ಪ್ಲಗ್ ಬಡಿತಕ್ಕೆ ಮದ್ದಲ್ಲ. ಇಂಧನದ ಆಕ್ಟೇನ್ ಕಡಿಮೆಯಾಗಿದ್ದರೆ, ಕಿಡಿಯ ಕಾಲ ಮುಂದಾಗಿದ್ದರೆ, ಇಂಟರ್‌ಕೂಲರ್ ಸಾಲದೆ ಒಳಬರುವ ಗಾಳಿ ಬಿಸಿಯಾಗಿದ್ದರೆ ಅವುಗಳನ್ನೇ ಸರಿಪಡಿಸಬೇಕು. ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಚಿಕ್ಕ ಟರ್ಬೋ ಎಂಜಿನ್‌ಗಳಲ್ಲಿ ಕಡಿಮೆ ವೇಗ, ಹೆಚ್ಚು ಭಾರದ ಸ್ಥಿತಿಯಲ್ಲಿ ಕಾಣಿಸುವ ಪೂರ್ವಜ್ವಲನವೂ ಬೇರೆ ಬಗೆಯದು. ಸಿಲಿಂಡರ್ ಗೋಡೆಯಿಂದ ಚಿಮ್ಮುವ ಎಣ್ಣೆ ಮತ್ತು ಇಂಧನದ ಹನಿಗಳು ಅದಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಯುಕ್ತ ಸೇರ್ಪಡೆಗಳು ಅದನ್ನು ಹೆಚ್ಚಿಸುವುದರಿಂದ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಎಂಬ ಎಂಜಿನ್ ಎಣ್ಣೆಯ ಹೊಸ ಮಾನಕ ಬಂದಿತು. ಅಂಥ ಎಂಜಿನ್‌ಗಳಿಗೆ ಸರಿಯಾದ ಪ್ಲಗ್‌ನಷ್ಟೇ ಸರಿಯಾದ ಎಣ್ಣೆಯೂ ಮುಖ್ಯ.

ಅಳವಡಿಕೆ

ಪ್ಲಗ್‌ನ ಶಾಖದ ಬಹುಪಾಲು ತಿರುಪು ಮತ್ತು ವಾಷರ್‌ಗಳ ಮೂಲಕ ಹೋಗುವುದರಿಂದ, ಸಡಿಲವಾಗಿ ಕೂರಿಸಿದ ತಂಪು ಪ್ಲಗ್ಗೂ ಬಿಸಿ ಪ್ಲಗ್‌ನಂತೆ ವರ್ತಿಸುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿಲಿಮೀಟರಿನ ಪ್ಲಗ್ಗನ್ನು ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರಿನದನ್ನು 15ರಿಂದ 20 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಬೇಕು. ಎಂಜಿನ್‌ನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್ಗನ್ನು ಕೈಯಿಂದ ಪೂರ್ತಿ ತಿರುಗಿಸಿದ ಮೇಲೆ ಇನ್ನು ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿದರೆ ಸಾಕು. ತಿರುಪಿಗೆ ಗ್ರೀಸ್ ಸವರಿದರೆ ಅದೇ ಬಲದಲ್ಲಿ ಪ್ಲಗ್ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿ ತಿರುಪೇ ಹಾಳಾಗುವ ಸಂಭವವಿದೆ. ಎಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಬೇಕು.

ಅಂತರವನ್ನು ಹೊಂದಿಸುವಾಗ ಭೂ ವಿದ್ಯುದ್ವಾರವನ್ನು ಮಾತ್ರ ಬಾಗಿಸಬೇಕು. ಇರಿಡಿಯಂನ ತೆಳು ತುದಿಗೆ ನಾಣ್ಯದಾಕಾರದ ಗೇಜನ್ನು ತುರುಕಿ ಮೀಟಿದರೆ ತುದಿ ಮುರಿಯುತ್ತದೆ, ಒಳಗಿನ ಪಿಂಗಾಣಿಗೆ ಕಣ್ಣಿಗೆ ಕಾಣದ ಬಿರುಕೂ ಬೀಳಬಹುದು. ತಂತಿಯ ಗೇಜ್ ಬಳಸುವುದು ಕ್ಷೇಮ. ಕೈಜಾರಿ ಸಿಮೆಂಟು ನೆಲದ ಮೇಲೆ ಬಿದ್ದ ಪ್ಲಗ್ಗನ್ನು, ಹೊರಗೆ ಏನೂ ಆದಂತೆ ಕಾಣದಿದ್ದರೂ, ಹಾಕದಿರುವುದೇ ಒಳ್ಳೆಯದು. ಪೊಟ್ಟಣದ ಮೇಲೆ ಅಂತರವನ್ನು ಮೊದಲೇ ಹೊಂದಿಸಿದೆ ಎಂದು ಬರೆದಿದ್ದರೂ ಪ್ರತಿಯೊಂದನ್ನೂ ಅಳೆದೇ ಹಾಕಬೇಕು, ಏಕೆಂದರೆ ಆ ಅಳತೆ ಬೂಸ್ಟ್ ಹೆಚ್ಚಿಸಿದ ಎಂಜಿನ್‌ಗೆಂದು ಇಟ್ಟದ್ದಲ್ಲ.